ಎರಡು ಬ್ರಹ್ಮಗಿರಿ, ಒಂದು ಕಪ್ಪೆ ಮತ್ತು ನಾರಾಯಣ ರಾವ್ ಮೇಷ್ಟ್ರು

ಮೊಳಕಾಲ್ಮುರು ಕಡೆಯವರಿಗೆ ಬ್ರಹ್ಮಗಿರಿ ಅಂದ್ರೆ ಅಶೋಕನ ಶಾಸನ ಇರೋ ಬೆಟ್ಟ. ಬ್ರಹ್ಮಗಿರಿಯಲ್ಲಿ ಸಿಕ್ಕ ಕಪ್ಪೆ ಅಂತ ಎಲ್ಲೋ ಓದಿದಾಗ ನಮ್ಮದೇ ಕಪ್ಪೆ ಅಂದ್ಕೊಂಡು ಖುಷಿಪಟ್ಟೆ. ಆಮೇಲೆ ನೋಡಿದ್ರೆ ಅದು ಕೊಡಗಿನ ಬ್ರಹ್ಮಗಿರಿ! ಚಳ್ಳಕೆರೆ, ಮೊಳಕಾಲ್ಮುರಿನ ಒಣ ನೆಲದಲ್ಲಿ ಮಳೆ ಬಂದ ರಾತ್ರಿ ಮಾತ್ರ ಕಪ್ಪೆ ವಟಗುಟ್ಟೋದು. ಅದಕ್ಕೋ ಘಟ್ಟದ ತೇವವೇ ಬೇಕು. ಆದ್ರೆ ಅದಕ್ಕೆ ಹೆಸರಿಟ್ಟವರು ಹೈಸ್ಕೂಲು ಓದಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ.

ಅವರು ಸಿ. ಆರ್. ನಾರಾಯಣ ರಾವ್. ಹುಟ್ಟಿದ್ದು 1882ರಲ್ಲಿ, ಕೊಯಮತ್ತೂರಿನಲ್ಲಿ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಆ ವಿಭಾಗವನ್ನೇ ಕಟ್ಟಿದರು. 1932ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆ ಶುರುವಾದಾಗ ಮೊದಲ ಸಂಪಾದಕರೂ ಇವರೇ.

ಕಾವೇರಿ ಹುಟ್ಟೋ ಕಡೆಯ ಜವುಗಿನಲ್ಲಿ ಸಿಕ್ಕ ಆ ಪುಟ್ಟ ಕಪ್ಪೆಗೆ 1920ರಲ್ಲಿ ಅವರು ನಿಕ್ಟಿಬಟ್ರಾಕಸ್ ಸ್ಯಾಂಕ್ಟಿಪಲಸ್ಟ್ರಿಸ್ ಅಂತ ಹೆಸರಿಟ್ಟರು. ಬಾಯಿ ತಿರುಗಲ್ಲ, ಆದ್ರೆ ಅರ್ಥ ಚೆನ್ನಾಗಿದೆ: ಪವಿತ್ರ ಜವುಗಿನದು. 1937ರಲ್ಲಿ ಸಕಲೇಶಪುರ ಕಡೆಯ ಕೆಂಪುಹೊಳೆ ಕಾಡಿನ ಇನ್ನೊಂದಕ್ಕೆ ಆ ಜಾಗದ್ದೇ ಹೆಸರು.

ಹೊಸ ಪ್ರಭೇದಕ್ಕೆ ಹೆಸರಿಡುವಾಗ ಒಂದು ಮಾದರಿಯನ್ನ ಕೆಡದಂತೆ ಎತ್ತಿಡಬೇಕು. ಮುಂದೆ ಯಾರಿಗಾದ್ರೂ ಡೌಟ್ ಬಂದ್ರೆ ಅದನ್ನೇ ತೆಗೆದು ಹೋಲಿಸೋದು. ಸೆಂಟ್ರಲ್ ಕಾಲೇಜಿನಲ್ಲಿದ್ದ ರಾಯರ ಮಾದರಿಗಳು ಕಳೆದುಹೋದವು. ಕೋಡ್ ಎಲ್ಲಾ ಡಿಲೀಟ್ ಆಗಿ ಡಾಕ್ಯುಮೆಂಟೇಶನ್ ಮಾತ್ರ ಉಳಿದ ಹಾಗೆ. ಒಂದೇ ಥರ ಕಾಣೋ ಕಪ್ಪೆಗಳಲ್ಲಿ ರಾಯರು ಹೇಳಿದ್ದು ಯಾವುದು? ಅಮೆರಿಕದ ಶ್ವಾಸಕೋಶವೇ ಇಲ್ಲದ ಸಲಮಾಂಡರ್‌ಗಳಲ್ಲೂ ಇಂಥದ್ದೇ ತಲೆನೋವಿದೆ. ನೋಡೋಕೆ ಒಂದೇ, ಡಿಎನ್‌ಎ ತೆಗೆದ್ರೆ ಬೇರೆ ಬೇರೆ ಪ್ರಭೇದ. ರಾಯರ ಕಾಲದಲ್ಲಿ ಡಿಎನ್‌ಎ ಎಲ್ಲಿಂದ ಬರಬೇಕು? ಬೆರಳು, ಜಾಲಪಾದ, ಚರ್ಮ, ಎಲ್ಲಾ ಕಣ್ಣಲ್ಲೇ ನೋಡಿ ಬರೆದಿದ್ದು.

1960ರಲ್ಲಿ ಅವರು ತೀರಿಕೊಂಡರು. 2010ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೊರ್ಕೆಸ್ಟಿಸ್ ಅಂತ ಹೆಸರಿಟ್ಟರು, ಶುರುವಿನಲ್ಲೇ ರಾವ್. ಈ ಕಪ್ಪೆಗಳಿಗೆ ಗೊದಮೊಟ್ಟೆ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟಾಣಿ ಕಪ್ಪೆ ಹೊರಗೆ ಬರುತ್ತೆ! ಮರುವರ್ಷ, 2011ರಲ್ಲಿ, ಬಿಜು ತಂಡವೇ ಇನ್ನೊಂದು ಸುದ್ದಿ ಕೊಟ್ಟಿತು. ಕೆಂಪುಹೊಳೆಯ ಕಪ್ಪೆ ಮತ್ತೆ ಸಿಕ್ಕಿದೆ. ಪವಿತ್ರ ಜವುಗಿನದೂ ಸಿಕ್ಕಿದೆ, 91 ವರ್ಷ ಆದಮೇಲೆ, ಕೊಡಗಿನಲ್ಲೇ.