ಸಾಮಾನ್ಯರ ಛಾಯಾಗ್ರಾಹಕ ಟಿ. ಎಸ್. ಸತ್ಯನ್

ಕನ್ನಡನಾಡಿನ ಕೀರ್ತಿಯನ್ನು ಲೇಖನಿಯಿಂದ ಬೆಳಗಿಸಿದವರು ಹಲವರು. ಕ್ಯಾಮರಾದಿಂದ ಬೆಳಗಿಸಿದವರು ಕೆಲವರೇ. ಆ ಕೆಲವರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅವರದು ಮೊದಲ ಸಾಲಿನ ಹೆಸರು. ಪರಸ್ಥಳದಲ್ಲಿ ಮನೆಮಾಡಿದ ನಮಗೆ ಅವರ ಬಾಳು ಇನ್ನಷ್ಟು ಹತ್ತಿರದ್ದು. ಏಕೆಂದರೆ ಅವರೂ ಕಸುಬನ್ನು ನಂಬಿ ನಾಡಿನ ಗಡಿ ದಾಟಿದವರೇ.

ಸತ್ಯನ್ ಅವರು 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನಿಸಿದರು. ಮಹಾರಾಜ ಕಾಲೇಜಿನಲ್ಲಿ ಬಿ. ಎ. ಪದವಿ ಪಡೆದರು. ಛಾಯಾಗ್ರಹಣ ಮಾತ್ರ ಅವರು ಸ್ವಂತ ಪರಿಶ್ರಮದಿಂದ ಒಲಿಸಿಕೊಂಡ ವಿದ್ಯೆ. ಅಂದು ಫಿಲಂ ದುಬಾರಿ. ಒಂದು ಸುರುಳಿಯಲ್ಲಿ ಸಿಗುತ್ತಿದ್ದುದು ಎಣಿಸಿದಷ್ಟು ಚಿತ್ರಗಳು; ತೆಗೆದದ್ದು ಹೇಗೆ ಬಂದಿದೆಯೆಂದು ತಿಳಿಯಲು ಕತ್ತಲೆಕೋಣೆಯಲ್ಲಿ ತೊಳೆಯುವವರೆಗೂ ಕಾಯಬೇಕು. ತಪ್ಪಿದರೆ ಹಣವೂ ಹೋಯಿತು, ಆ ಗಳಿಗೆಯೂ ಹೋಯಿತು. ಇಂಥ ಕಸುಬಿನಲ್ಲಿ ತಾಳ್ಮೆಯೇ ಗುರು.

1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಗೆ ಅವರು ಛಾಯಾಗ್ರಾಹಕರಾಗಿ ಸೇರಿದರು. ಬಳಿಕ ಮುಂಬಯಿಯ ‘ಇಲಸ್ಟ್ರೇಟೆಡ್ ವೀಕ್ಲಿ’ಯಲ್ಲಿ ದುಡಿದರು. ಇಷ್ಟಾದ ಮೇಲೆ ತಿಂಗಳ ಸಂಬಳವನ್ನು ನೆಚ್ಚಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಅವರು ಸ್ವತಂತ್ರವಾಗಿ ದುಡಿಯುವ ದಾರಿ ಹಿಡಿದು ದೆಹಲಿಯಲ್ಲಿ ನೆಲೆಸಿದರು. ಇಂದು ಕೆಲಸ ಸಿಕ್ಕರೆ ನಾಳೆ ಸಿಗುವ ಭರವಸೆ ಇಲ್ಲದ ಬಾಳು ಅದು. ಸಂಸಾರವಂದಿಗರಾದ ನಮಗೆ ಅದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಧೈರ್ಯ ವ್ಯರ್ಥವಾಗಲಿಲ್ಲ. ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಅವರ ಚಿತ್ರಗಳು ಅಚ್ಚಾದವು. 1961ರ ಗೋವಾ ವಿಮೋಚನೆಯನ್ನು ಅವರು ಚಿತ್ರಗಳಲ್ಲಿ ಸೆರೆಹಿಡಿದರು. ನೆಹರೂ, ವಿಶ್ವೇಶ್ವರಯ್ಯ ಮೊದಲಾದ ಮಹನೀಯರು ಅವರ ಕ್ಯಾಮರಾದ ಮುಂದೆ ನಿಂತರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಾಗೂ ಯುನಿಸೆಫ್‌ಗಾಗಿ ಅವರು ಊರೂರು ಸುತ್ತಿದರು. 1977ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆಗ ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ನಡೆಯಿತು.

ಆದರೂ ಅವರ ಹಿರಿಮೆ ಇರುವುದು ದೊಡ್ಡವರ ಚಿತ್ರಗಳಲ್ಲಿ ಅಲ್ಲ. ಬೀದಿಯ ಮಕ್ಕಳು, ದುಡಿಯುವ ಹೆಂಗಸರು, ಬಿಡುವಿನಲ್ಲಿ ಕುಳಿತ ಮುದುಕರು, ಇವರೇ ಅವರ ಕಪ್ಪುಬಿಳುಪು ಚಿತ್ರಗಳ ನಾಯಕರು. ಬಡತನವನ್ನು ಮರುಕದ ಸರಕಾಗಿ ಮಾರದೆ, ಬಡವರ ನಗುವಿಗೂ ಮಾನಕ್ಕೂ ಎಡೆಕೊಟ್ಟ ಕಣ್ಣು ಅವರದು. ಅದೇ ಮಹಾರಾಜ ಕಾಲೇಜಿನಲ್ಲಿ ಓದಿ ಮುಂಬಯಿಗೆ ಬಂದ ಆರ್. ಕೆ. ಲಕ್ಷ್ಮಣ್ ಅವರು ‘ಸಾಮಾನ್ಯ ಮನುಷ್ಯ’ನನ್ನು ಗೆರೆಗಳಲ್ಲಿ ನಿಲ್ಲಿಸಿದರು, ಸತ್ಯನ್ ಅವರು ಬೆಳಕಿನಲ್ಲಿ ನಿಲ್ಲಿಸಿದರು. ಲಕ್ಷ್ಮಣ್ ಅವರು 2015ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಈ ಪುಣೆಯಲ್ಲಿಯೇ ಎಂಬುದನ್ನು ಇಲ್ಲಿನ ಕನ್ನಡಿಗರು ಬಲ್ಲರು.

ಸತ್ಯನ್ ಅವರು ಮಾತ್ರ ತಾಯಿಬೇರಿಗೇ ಮರಳಿದರು. ಲೋಕವೆಲ್ಲ ಸುತ್ತಿದ ಮೇಲೆ ಮೈಸೂರಿನಲ್ಲಿ ನೆಲೆನಿಂತು, ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದದ್ದಲ್ಲದೆ ‘ಕಾಲಕ್ಕೆ ಕನ್ನಡಿ’ ಎಂಬ ಪುಸ್ತಕವನ್ನು ಕನ್ನಡದಲ್ಲಿಯೇ ಕೊಟ್ಟರು. ವರ್ಷಗಟ್ಟಲೆ ಪರಭಾಷೆಗಳ ನಡುವೆ ಬಾಳಿದರೂ ಅವರ ಕನ್ನಡ ಬತ್ತಿರಲಿಲ್ಲ. 2009ರ ಡಿಸೆಂಬರ್ 13ರಂದು, ಎಂಬತ್ತಾರು ತುಂಬಲು ಐದೇ ದಿನಗಳಿದ್ದಾಗ, ಮೈಸೂರಿನಲ್ಲಿಯೇ ಅವರು ತೀರಿಕೊಂಡರು.

ನಮ್ಮ ಮನೆಗಳ ಟ್ರಂಕುಗಳಲ್ಲಿಯೂ ಹಳೆಯ ಭಾವಚಿತ್ರಗಳಿವೆ: ಊರಿನ ಜಾತ್ರೆ, ಅಜ್ಜಿಯ ಜಗಲಿ, ಪುಣೆಗೆ ಬಂದ ಹೊಸತರಲ್ಲಿ ತೆಗೆಸಿದ ಜೋಡಿಚಿತ್ರ. ಅವುಗಳಲ್ಲಿರುವವರ ಗುರುತು ಹಿರಿಯರೊಂದಿಗೇ ಅಳಿದುಹೋದರೆ ಮುಂದೆ ಹೇಳುವವರಿಲ್ಲ. ಈ ರಾಜ್ಯೋತ್ಸವದಂದು ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು, ಒಂದೊಂದು ಚಿತ್ರದ ಬೆನ್ನಿಗೂ ಅವರ ಕೈಯಿಂದಲೇ ಹೆಸರು, ಊರು, ಇಸವಿಗಳನ್ನು ಕನ್ನಡದಲ್ಲಿ ಬರೆಯಿಸೋಣ. ಸಾಮಾನ್ಯರ ಮುಖಗಳನ್ನು ಬಾಳಿನುದ್ದಕ್ಕೂ ಗೌರವಿಸಿದ ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಇದು.