ಇಬ್ಭಾಗವಾದ ಸಭೆಗೆ ಬಂದ ಗುರು: ಸಂತ ಜೋಸೆಫ್ ವಾಜ್

ಮಾಜಾಳಿಯ ಗಡಿ ದಾಟಿದರೆ ಪೊಳೆಂ. ಅಲ್ಲಿಂದ ಗೋವೆಯ ನೆಲ. ನಮ್ಮ ಕುಟುಂಬಗಳ ನೆಂಟಸ್ತನವಾಗಲಿ, ಮನೆಮಾತಾಗಲಿ, ಭಕ್ತಿಯಾಗಲಿ ಈ ಗಡಿಯನ್ನು ಎಂದೂ ಲೆಕ್ಕಿಸಿದ್ದಿಲ್ಲ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವು ರಚನೆಯಾಗುವವರೆಗೆ ನಾವು ಗೋವೆಯ ಮಹಾಧರ್ಮಾಧ್ಯಕ್ಷರ ಆಡಳಿತಕ್ಕೇ ಸೇರಿದವರು; ಕಾರವಾರ ಧರ್ಮಪ್ರಾಂತ್ಯ ಬಂದದ್ದು 1976ರಲ್ಲಿ. ಆದ್ದರಿಂದ ಗೋವೆಯಲ್ಲಿ ಹುಟ್ಟಿ, ಕೆನರಾದಲ್ಲಿ ದುಡಿದು, ಲಂಕೆಯಲ್ಲಿ ಮಡಿದ ಸಂತ ಜೋಸೆಫ್ ವಾಜರನ್ನು ನಮ್ಮವರೆಂದು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ. ಜಗತ್ತು ಅವರನ್ನು ಶ್ರೀಲಂಕೆಯ ಪ್ರೇಷಿತರೆಂದು ಬಲ್ಲದು. ಅದಕ್ಕೂ ಮುನ್ನ ಅವರು ನಮ್ಮ ಕರಾವಳಿಯಲ್ಲಿ ಕಳೆದ ಮೂರು ವರ್ಷಗಳ ಕಥೆಯನ್ನು ನಮ್ಮ ಮನೆಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ.

ಅವರು ಜನಿಸಿದ್ದು 1651ರ ಏಪ್ರಿಲ್ 21ರಂದು, ಸಾಸಷ್ಟಿಯ ಬಾಣಾವಳಿಯಲ್ಲಿ, ತಾಯಿಯ ತವರಿನಲ್ಲಿ. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕವಾಳದವರು, ತಾಯಿ ಮರಿಯಾ ದೆ ಮಿರಾಂದಾ. ಗೋವೆಯ ಸಂತ ಪೌಲರ ಕಾಲೇಜಿನಲ್ಲಿಯೂ ಡೊಮಿನಿಕನ್ ಗುರುಗಳ ಅಕಾಡೆಮಿಯಲ್ಲಿಯೂ ವ್ಯಾಸಂಗ ಮಾಡಿ 1676ರಲ್ಲಿ ಗುರುದೀಕ್ಷೆ ಪಡೆದರು. ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಸಾಂಕವಾಳದಲ್ಲಿ ಹುಡುಗರಿಗಾಗಿ ಒಂದು ಲ್ಯಾಟಿನ್ ಶಾಲೆಯನ್ನು ತೆರೆದರು. 1677ರ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು. ಪ್ರಸಂಗಕಾರರೆಂದೂ ಪಾಪನಿವೇದನೆ ಕೇಳುವ ಗುರುಗಳೆಂದೂ ಆ ವೇಳೆಗಾಗಲೇ ಅವರಿಗೆ ಹೆಸರಿತ್ತು. ತಮ್ಮನ್ನು ಲಂಕೆಗೆ ಕಳುಹಿಸಬೇಕೆಂಬುದು ಅವರ ಬಯಕೆ. ಆದರೆ 1681ರಲ್ಲಿ ಗೋವೆಯ ಪ್ರಧಾನಾಲಯದ ಗುರುಮಂಡಳಿಯು ಅವರನ್ನು ಕೆನರಾ ಮಿಷನ್ನಿನ ಮುಖ್ಯಸ್ಥರನ್ನಾಗಿ ನೇಮಿಸಿತು.

ಕೆನರಾದ ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ವಿವರವಾಗಿ ತಿಳಿಯದೆ ಅವರ ಕಷ್ಟ ಅರ್ಥವಾಗಲಾರದು. ಪೂರ್ವದೇಶಗಳ ಇಗರ್ಜಿಗಳನ್ನು ಸಾಕಿ ಸಲಹುವ ಹೊಣೆಯನ್ನೂ ಅಲ್ಲಿನ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕನ್ನೂ ಜಗದ್ಗುರುಗಳು ಹಿಂದೆಯೇ ಪೋರ್ಚುಗಲ್ಲಿನ ಅರಸರಿಗೆ ಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಆದರೆ 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನು ಹೊನ್ನಾವರ, ಬಸ್ರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡ ಮೇಲೆ ಇಲ್ಲಿನ ಕ್ರೈಸ್ತರು ಕುರುಬನಿಲ್ಲದ ಮಂದೆಯಂತಾದರು. ಇತ್ತ ರೋಮ್ 1622ರಲ್ಲಿ ಪ್ರೊಪಗಾಂಡ ಫೀದೆ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ನೇರವಾಗಿ ಜಗದ್ಗುರುಗಳಿಗೇ ಅಧೀನರಾದ ಪ್ರತಿನಿಧಿ ಧರ್ಮಾಧ್ಯಕ್ಷರನ್ನು ಕಳುಹಿಸತೊಡಗಿತ್ತು. ಹಾಗೆ ನೇಮಕಗೊಂಡು 1677ರಲ್ಲಿ ಮಂಗಳೂರಿಗೆ ಬಂದವರು ಬಿಷಪ್ ತೋಮಾಸ್ ದೆ ಕಾಸ್ತ್ರೊ. ಅವರೂ ಗೋವೆಯವರೇ. ಪೋರ್ಚುಗಲ್ ಈ ನೇಮಕವನ್ನು ಒಪ್ಪಲಿಲ್ಲ, ಗೋವೆಯೂ ಒಪ್ಪಲಿಲ್ಲ.

ಇದರ ಪೆಟ್ಟು ಬಿದ್ದದ್ದು ಮನೆಮನೆಗಳ ಮೇಲೆ. ಬಿಷಪರ ಗುರುಗಳು ಕೊಡುವ ಸಂಸ್ಕಾರ ಸಲ್ಲದೆಂದು ಒಂದು ಪಕ್ಷ, ಗೋವೆಯ ಗುರುಗಳು ಬಹಿಷ್ಕೃತರೆಂದು ಇನ್ನೊಂದು ಪಕ್ಷ. ತನ್ನ ಪಾಪಕ್ಕೆ ಕ್ಷಮೆ ದೊರೆಯಿತೇ, ತನ್ನ ಮದುವೆ ದೇವರ ಮುಂದೆ ಮದುವೆಯೇ ಎಂದು ಬಡವನೊಬ್ಬನು ಕಳವಳಪಡಬೇಕಾದ ಕಾಲ ಅದು. ಮುವ್ವತ್ತರ ಪ್ರಾಯದ ವಾಜರನ್ನು ಕಳುಹಿಸಿದ್ದೇ ಗೋವೆಯ ಹಕ್ಕನ್ನು ಎತ್ತಿಹಿಡಿಯಲು. ಅವರು ಬಿಷಪರ ಮುಖವನ್ನೇ ನೋಡದೆ, ಪೀಠದಿಂದ ಅವರನ್ನು ಖಂಡಿಸಿದ್ದರೆ ಗೋವೆಯಲ್ಲಿ ಮೆಚ್ಚುಗೆಯೇ ಸಿಗುತ್ತಿತ್ತು.

ಅವರು ನೇರವಾಗಿ ಬಿಷಪರಲ್ಲಿಗೆ ಹೋದರು. ಧರ್ಮಾಧ್ಯಕ್ಷರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿ, ನೇಮಕ ಪತ್ರಗಳನ್ನು ತೋರಿಸಬೇಕೆಂದು ವಿನಯದಿಂದ ಕೇಳಿಕೊಂಡರೆಂದು ಚರಿತ್ರಕಾರರು ತಿಳಿಸುತ್ತಾರೆ. ಪತ್ರಗಳನ್ನು ಓದಿ ಅವು ನಿಜವಾದವೆಂದು ಮನಗಂಡರು, ಮನಗಂಡದ್ದನ್ನು ಬಚ್ಚಿಡಲಿಲ್ಲ. ಗೋವೆಯ ಹಿರಿಯರಿಗೆ ಅದನ್ನೇ ಬರೆದರು. ಬಿಷಪರ ಮುಂದೆಯೂ ಅವರು ಮುಖಸ್ತುತಿಗೆ ಇಳಿಯಲಿಲ್ಲ. ತಾನು ಗೋವೆಯ ಆಜ್ಞೆಗೆ ಬದ್ಧನೆಂಬುದನ್ನು ಮರೆಮಾಚದೆ, ರೋಮಿನಿಂದ ತೀರ್ಮಾನ ಬರುವವರೆಗೆ ಬಹಿಷ್ಕಾರದ ಮಾತನ್ನು ಬಿಡಬೇಕೆಂದೂ, ಜನರ ಸಂಸ್ಕಾರಗಳು ಸಂದೇಹಕ್ಕೆ ಎಡೆಯಿಲ್ಲದಂತೆ ಸಲ್ಲುವ ಹಾಗೆ ತಮ್ಮ ಅಧಿಕಾರವನ್ನು ತನಗೂ ವಹಿಸಿಕೊಡಬೇಕೆಂದೂ ಬೇಡಿಕೊಂಡರು. ಬಿಷಪರು ಒಪ್ಪಿದರು. ವಯಸ್ಸಿನಲ್ಲಿಯೂ ಪದವಿಯಲ್ಲಿಯೂ ಹಿರಿಯರಾದವರು, ತಮ್ಮನ್ನು ವಿರೋಧಿಸಲು ಬಂದ ಕಿರಿಯ ಗುರುವಿಗೆ ಹೀಗೆ ಒಪ್ಪಿದುದನ್ನು ನಾವು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ. ಜೀವನಚರಿತ್ರೆ ಬರೆಯುವವರು ವಾಜರನ್ನು ಹೊಗಳುವ ಭರದಲ್ಲಿ ಕಾಸ್ತ್ರೊ ಅವರ ಈ ದೊಡ್ಡತನವನ್ನು ಮರೆತುಬಿಡುವುದುಂಟು.

ಮುಡಿಪುವಿನ ಗುಡ್ಡದಲ್ಲಿ ತಮ್ಮನ್ನು ಕೊಲ್ಲಲು ಬಂದವರ ಮುಂದೆ ಅವರು ಊರುಗೋಲನ್ನು ಊರಿದಲ್ಲಿ ನೀರು ಚಿಮ್ಮಿತೆಂಬ ಐತಿಹ್ಯವನ್ನು ದಕ್ಷಿಣ ಕನ್ನಡದ ಭಕ್ತರೆಲ್ಲರೂ ಬಲ್ಲರು. ಆ ಕ್ಷೇತ್ರಕ್ಕೆ ಇಂದಿಗೂ ಯಾತ್ರಿಕರು ಹೋಗುತ್ತಾರೆ. ಕುಂದಾಪುರದಲ್ಲಿ ಪ್ರಾರ್ಥನೆಯ ಪರವಶತೆಯಲ್ಲಿ ಅವರು ನೆಲದಿಂದ ಮೇಲೆದ್ದುದನ್ನು ಕಂಡರೆಂಬ ನಂಬಿಕೆಯೂ ಇದೆ. ಈ ಅದ್ಭುತಗಳನ್ನು ನಾವು ಭಕ್ತಿಯಿಂದಲೇ ಕೇಳುತ್ತೇವೆ. ಆದರೂ ಇಬ್ಬರು ಗುರುಗಳು ಒಂದೆಡೆ ಕುಳಿತು ಪತ್ರಗಳನ್ನು ಓದಿದ ಆ ದಿನವೇ ನಮಗೆ ಹೆಚ್ಚಿನದಾಗಿ ತೋರುತ್ತದೆ. ಆಸ್ತಿಯ ಪಾಲಿಗಾಗಿ, ಫೆಸ್ತಿನ ಹೊಣೆಗಾಗಿ ಮಾತು ಬಿಟ್ಟ ಮನೆಗಳು ಯಾವ ಊರಿನಲ್ಲಿಲ್ಲ? ಎದುರಿಗೆ ನಗುನಗುತ್ತಾ ಮಾತನಾಡಿ ಬೆನ್ನ ಹಿಂದೆ ಬೇರೆಯೇ ಹೇಳುವುದನ್ನು ನಾವು ಶಾಂತಿಯೆಂದು ಕರೆಯುತ್ತೇವೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆನೆಂದು ಎದೆ ತಟ್ಟಿಕೊಳ್ಳುವವರು ಎದುರಿನವರ ಮಾನವನ್ನು ಉಳಿಸುವುದಿಲ್ಲ. ವಾಜರು ಬಿಷಪರಿಗೆ ಹೇಳಿದ್ದೂ ಗೋವೆಗೆ ಬರೆದದ್ದೂ ಬೇರೆಬೇರೆಯಾಗಿರಲಿಲ್ಲ.

ಒಪ್ಪಂದವು ವಿವಾದವನ್ನು ಬಗೆಹರಿಸಿತೆಂದು ಹೇಳಲಾಗದು. ಪದ್ರುವಾದೊ ಮತ್ತು ಪ್ರೊಪಗಾಂಡಗಳ ಜಗಳ 1886ರ ಒಪ್ಪಂದದವರೆಗೂ ಭಾರತದ ಧರ್ಮಸಭೆಯನ್ನು ಕಾಡಿತು. ಆದರೆ ದೊರೆತ ಬಿಡುವಿನಲ್ಲಿ ವಾಜರು ಊರೂರು ತಿರುಗಿದರು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಹೊನ್ನಾವರಗಳಲ್ಲಿ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಸಣ್ಣ ಶಾಲೆಗಳನ್ನು ತೆರೆದರು, ಭಕ್ತಸಂಘಗಳನ್ನು ಕಟ್ಟಿದರು. 1684ರಲ್ಲಿ ಬಿಷಪ್ ಕಾಸ್ತ್ರೊ ಮಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ವಾಜರು ಗೋವೆಗೆ ಮರಳಿದರು.

ಉಳಿದ ಕಥೆ ಹೆಚ್ಚು ಪರಿಚಿತ. 1685ರಲ್ಲಿ ಗೋವೆಯ ಒರೆಟರಿ ಸಭೆಯನ್ನು ಸೇರಿ ಅದರ ಮುಖ್ಯಸ್ಥರಾದರು. 1687ರಲ್ಲಿ ಸೇವಕ ಜುವಾಂವ್ ಜೊತೆಗೆ ಭಿಕ್ಷುಕನ ವೇಷದಲ್ಲಿ ಜಾಫ್ನಾ ತಲುಪಿದರು. ಸತ್ಯನಿಷ್ಠರು ವೇಷ ಮರೆಸಬಹುದೇ ಎಂದು ನಮ್ಮ ಮಕ್ಕಳು ಕೇಳಿಯಾರು. ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಗುರುಗಳಿಗೆ ಆಶ್ರಯ ಕೊಟ್ಟವರಿಗೂ ಕಠಿಣ ಶಿಕ್ಷೆಯಿತ್ತು. ಆ ಹರಕು ಬಟ್ಟೆ ಆಶ್ರಯ ಕೊಟ್ಟ ಬಡವರನ್ನೂ ಕಾಯಬೇಕಾಗಿತ್ತು. ನಂಬಿದವರಿಗೆ ಸುಳ್ಳಾಡುವುದಕ್ಕೂ ಹಿಂಸಕರಿಂದ ನೆರೆಯವರನ್ನು ಮರೆಮಾಡುವುದಕ್ಕೂ ವ್ಯತ್ಯಾಸವಿದೆಯೆಂದೇ ನಾವು ಭಾವಿಸುತ್ತೇವೆ.

1692ರಲ್ಲಿ ಕ್ಯಾಂಡಿಗೆ ಹೋದಾಗ ಅರಮನೆಯಲ್ಲಿದ್ದ ಫ್ರೆಂಚ್ ಪ್ರೊಟೆಸ್ಟೆಂಟನೊಬ್ಬನು ಅವರು ಪೋರ್ಚುಗೀಸರ ಗೂಢಚಾರನೆಂದು ಅರಸನಿಗೆ ದೂರಿತ್ತನು. ಸಂಕೋಲೆ ಬಿತ್ತು. ವಾಜರು ಸೆರೆಯಲ್ಲೇ ಸಿಂಹಳ ಕಲಿತರು, ಗುಡಿಸಲು ಹಾಕಿ ಬಲಿಪೀಠ ಕಟ್ಟಿದರು. ಅವರ ನಡೆಯನ್ನು ಕಂಡು ಎರಡನೇ ವಿಮಲಧರ್ಮಸೂರ್ಯ ಅರಸನ ಸಂದೇಹ ಕರಗಿತು. 1697ರಲ್ಲಿ ನಗರದಲ್ಲಿ ಸಿಡುಬು ಹರಡಿ ರೋಗಿಗಳನ್ನು ಮನೆಯವರೇ ತೊರೆದಾಗ, ಬೌದ್ಧರೆನ್ನದೆ ಕ್ರೈಸ್ತರೆನ್ನದೆ ಅವರು ಶುಶ್ರೂಷೆ ಮಾಡಿದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಕೊನೆಯುಸಿರೆಳೆದರು. ಜಗದ್ಗುರು ಎರಡನೇ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು; ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಅದೇ ನಗರದ ಗಾಲ್ ಫೇಸ್ ಬಯಲಿನಲ್ಲಿ ಸಂತಪದವಿಗೇರಿಸಿದರು. ಅವರ ಹಬ್ಬ ಜನವರಿ 16ರಂದು. ಕ್ಯಾಂಡಿಯಲ್ಲಿ ಅವರನ್ನು ಹೂಳಿದ ಜಾಗ ಇಂದು ಯಾರಿಗೂ ಗುರುತಿಲ್ಲ.