ಜಾಕೋಬಿಯನ್‌ನ ಅಣ್ಣ ಮತ್ತು ಕಿತ್ತು ಬಂದ ತಾಮ್ರದ ತಗಡು

ಎಂಜಿನಿಯರಿಂಗ್ ಗಣಿತದಲ್ಲಿ ಜಾಕೋಬಿಯನ್ ಎಂಬ ಡಿಟರ್ಮಿನೆಂಟನ್ನು ಬಿಡಿಸದೆ ನಮ್ಮಲ್ಲಿ ಯಾರೂ ಮುಂದಿನ ವರ್ಷಕ್ಕೆ ಬಂದಿಲ್ಲ. ಅದಕ್ಕೆ ಹೆಸರು ಕೊಟ್ಟ ಕಾರ್ಲ್ ಗುಸ್ತಾವ್ ಯಾಕೋಬಿಗೆ ಒಬ್ಬ ಅಣ್ಣ ಇದ್ದ. ಆ ಅಣ್ಣನ ಹೆಸರು ನಮ್ಮ ಸಿಲೆಬಸ್ಸಿನಲ್ಲಿ ಕಾಣೋದೇ ಇಲ್ಲ, ಆದರೆ ಕೆಲಸ ಮಾತ್ರ ಎಲ್ಲ ಕಡೆ ಇದೆ. ನೆಟ್‌ವರ್ಕ್ ಅನಾಲಿಸಿಸ್‌ನ ಮ್ಯಾಕ್ಸಿಮಮ್ ಪವರ್ ಟ್ರಾನ್ಸ್‌ಫರ್ ಪ್ರಮೇಯದಲ್ಲಿದೆ, ಪಿಸಿಬಿಯ ತೂತುಗಳ ಒಳಗೋಡೆಗೆ ಹಿಡಿಸುವ ತಾಮ್ರದಲ್ಲಿದೆ. ಒಣಗಿದ ಅರಳಿ ಎಲೆಗೆ ತಾಮ್ರ ಕಟ್ಟಿಸಿ ಪದಕ, ಓಲೆ ಮಾಡುವ ಹವ್ಯಾಸ ಈಗ ಮನೆಮನೆಗೆ ಬಂದಿದೆಯಲ್ಲ, ಅದರ ಮೂಲಪುರುಷನೂ ಆತನೇ. ಹೆಸರು ಮೊರಿಟ್ಜ್ ಹರ್ಮನ್ ಯಾಕೋಬಿ. ರಷ್ಯದವರು ಕರೆಯೋದು ಬೋರಿಸ್ ಸೆಮ್ಯೋನೊವಿಚ್ ಯಾಕೋಬಿ ಅಂತ.

ಮನೆ ಕಟ್ಟುವವನಿಗೆ ಮೋಟಾರಿನ ಹುಚ್ಚು

ಹುಟ್ಟಿದ್ದು 1801ರ ಸೆಪ್ಟೆಂಬರ್ 21ರಂದು, ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್‌ನಲ್ಲಿ, ಅನುಕೂಲಸ್ಥ ಯಹೂದಿ ಕುಟುಂಬದಲ್ಲಿ. ತಂದೆ ಬ್ಯಾಂಕರ್. ತಮ್ಮ ಕಾರ್ಲ್ ಮೂರು ವರ್ಷ ಚಿಕ್ಕವನು. ಮೊರಿಟ್ಜ್ ಓದಿ ಹಿಡಿದ ದಾರಿ ವಾಸ್ತುಶಿಲ್ಪದ್ದು, ಅಂದರೆ ಕಟ್ಟಡ ಕಟ್ಟುವ ಕೆಲಸ. 1833ರಲ್ಲಿ ಆತ ಕೋನಿಗ್ಸ್‌ಬರ್ಗ್‌ಗೆ ಹೋದ. ಗ್ರಾಫ್ ಥಿಯರಿ ಓದಿದವರಿಗೆ ಏಳು ಸೇತುವೆಗಳ ಆ ಊರು ಗೊತ್ತಿರುತ್ತೆ. ತಮ್ಮ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆಗಲೇ ಹೆಸರಾಂತ ಗಣಿತದ ಪ್ರೊಫೆಸರ್. ಅಣ್ಣನಿಗೆ ಮೂವತ್ತು ದಾಟಿತ್ತು, ಹೇಳಿಕೊಳ್ಳುವಂಥ ಸಾಧನೆ ಇನ್ನೂ ಇರಲಿಲ್ಲ.

ಅಲ್ಲಿ ಆತ ವಿದ್ಯುತ್ತಿನ ಹಿಂದೆ ಬಿದ್ದ. ಅದುವರೆಗೆ ವಿದ್ಯುತ್ ಆಟಿಕೆಗಳು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿದ್ದವೇ ಹೊರತು ಕೆಲಸಕ್ಕೆ ಬರುವ ಹಾಗೆ ತಿರುಗುತ್ತಿದ್ದದ್ದು ಕಡಿಮೆ. 1834ರ ಮೇ ತಿಂಗಳಲ್ಲಿ ಯಾಕೋಬಿ ಕಟ್ಟಿದ ಯಂತ್ರ ಹಾಗಲ್ಲ. ಸ್ಥಿರವಾದ ವಿದ್ಯುತ್ಕಾಂತಗಳ ಒಂದು ಸಾಲು, ತಿರುಗುವ ಇನ್ನೊಂದು ಸಾಲು, ನಡುವೆ ಸರಿಯಾದ ಹೊತ್ತಿಗೆ ಪ್ರವಾಹದ ದಿಕ್ಕು ಬದಲಿಸುವ ಕಮ್ಯುಟೇಟರ್. ಅದರ ಶಕ್ತಿ ಸುಮಾರು 15 ವ್ಯಾಟ್. ಈಗ ಮೇಜಿನ ಮೇಲಿಡುವ ಸಣ್ಣ ಫ್ಯಾನಿಗೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅದು ಭಾರ ಎತ್ತಿತು, ಬಿಡದೆ ತಿರುಗಿತು. ಆ ವರ್ಷದ ಕೊನೆಗೆ ಪ್ಯಾರಿಸ್ ಅಕಾಡೆಮಿಗೆ ವರದಿ ಹೋಯಿತು. ಮರುವರ್ಷ ಡೋರ್ಪಟ್ ವಿಶ್ವವಿದ್ಯಾಲಯ ಆತನನ್ನು ಪ್ರೊಫೆಸರ್ ಮಾಡಿಕೊಂಡಿತು. ಈಗ ಎಸ್ಟೋನಿಯಾದಲ್ಲಿರುವ ಟಾರ್ಟು ನಗರ ಅದು.

ದೋಷ ಹುಡುಕಲು ಹೋದಾಗ

ಮೋಟಾರಿಗೆ ಬ್ಯಾಟರಿ ಬೇಕಲ್ಲ. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ಹೊಸ ಕೋಶ ಮಾಡಿದ್ದ. ಒಂದು ಕಡೆ ಸತು, ಇನ್ನೊಂದು ಕಡೆ ಮೈಲುತುತ್ತದ ದ್ರಾವಣದಲ್ಲಿ ನಿಂತ ತಾಮ್ರ. ಮಲೆನಾಡಿನವರಿಗೆ ಮೈಲುತುತ್ತ ಹೊಸದೇನಲ್ಲ, ಅಡಿಕೆ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯೋದು ಅದನ್ನೇ. ಕೋಶ ಕೆಲಸ ಮಾಡುವಾಗ ಸತು ಕರಗುತ್ತೆ, ದ್ರಾವಣದಲ್ಲಿರುವ ತಾಮ್ರದ ಅಯಾನುಗಳು ತಗಡಿನ ಮೇಲೆ ಬಂದು ಲೋಹವಾಗಿ ಕೂರುತ್ತವೆ.

1837ರಲ್ಲಿ ಡೋರ್ಪಟ್‌ನಲ್ಲಿ ಇಂಥ ಕೋಶಗಳ ಜೊತೆ ಕೆಲಸ ಮಾಡುವಾಗ ತಗಡಿನ ಮೇಲಿಂದ ತಾಮ್ರದ ಪದರವೊಂದು ಹಾಳೆಯ ಹಾಗೆ ಕಿತ್ತು ಬಂತು. ಬ್ಯಾಟರಿ ಕಟ್ಟುವವನಿಗೆ ಇದು ತಲೆನೋವೇ. ತಗಡು ಸರಿಯಿಲ್ಲ ಅಂದುಕೊಂಡು ಎಸೆದುಬಿಡಬಹುದಿತ್ತು. ಯಾಕೋಬಿ ಆ ಹಾಳೆಯನ್ನು ತಿರುಗಿಸಿ ನೋಡಿದ. ಮೂಲ ತಗಡಿನ ಮೇಲಿದ್ದ ಸುತ್ತಿಗೆಯ ಪೆಟ್ಟು, ಅರದ ಗೀರು ಎಲ್ಲವೂ ಅದರಲ್ಲಿ ತದ್ವಿರುದ್ಧವಾಗಿ ಮೂಡಿದ್ದವು. ತಗ್ಗಿದ್ದಲ್ಲಿ ಉಬ್ಬು, ಉಬ್ಬಿದ್ದಲ್ಲಿ ತಗ್ಗು, ಕೂದಲೆಳೆಯಷ್ಟೂ ತಪ್ಪಿಲ್ಲದೆ.

ಲೋಹವನ್ನು ಪಡಿಯಚ್ಚು ತೆಗೆಯಬೇಕಾದರೆ ಅದುವರೆಗೆ ಕುಲುಮೆಯಲ್ಲಿ ಕರಗಿಸಿ ಎರಕ ಹೊಯ್ಯಬೇಕಿತ್ತು. ತಾಮ್ರ ಕರಗೋದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆರುವಾಗ ಕುಗ್ಗಲೂ ಕುಗ್ಗುತ್ತೆ, ಸೂಕ್ಷ್ಮ ಗೆರೆಗಳು ಮಸುಕಾಗುತ್ತವೆ. ಇಲ್ಲಿ ಕುಲುಮೆಯೇ ಇಲ್ಲ, ಕೋಣೆಯ ಉಷ್ಣಾಂಶದಲ್ಲಿ ತಾಮ್ರ ಅಣು ಅಣುವಾಗಿ ಬೆಳೆದು ಆಕಾರ ಪಡೆಯುತ್ತಿದೆ. ಬೇಕಾದ ಚಿತ್ರ ಕೊರೆದ ತಗಡನ್ನೇ ಇಟ್ಟರೆ? ಸಿಗುವ ತಿರುವು ಅಚ್ಚಿನ ಮೇಲೆ ಮತ್ತೊಮ್ಮೆ ತಾಮ್ರ ಕಟ್ಟಿಸಿದರೆ ಮೂಲದ ಯಥಾಪ್ರತಿ ಕೈಗೆ ಬರುತ್ತೆ. ಇದಕ್ಕೆ ಗ್ಯಾಲ್ವನೋಪ್ಲಾಸ್ಟಿ ಅನ್ನುವ ಹೆಸರು ಬಂತು, ಇಂದಿನ ಮಾತಲ್ಲಿ ಎಲೆಕ್ಟ್ರೋಫಾರ್ಮಿಂಗ್. ಗಿಲೀಟು ಹಾಕುವಾಗ ಪದರ ಬಿಡದ ಹಾಗೆ ಅಂಟಬೇಕು. ಇಲ್ಲಿ ಪದರವೇ ವಸ್ತು, ಅದು ಬೇಕಾದಾಗ ಬಿಟ್ಟು ಬರಬೇಕು, ಇಲ್ಲವೇ ತನ್ನ ಕಾಲ ಮೇಲೆ ತಾನು ನಿಲ್ಲುವಷ್ಟು ದಪ್ಪ ಇರಬೇಕು. ವ್ಯತ್ಯಾಸ ಅಷ್ಟೇ.

ನೆವಾ ನದಿಯ ದೋಣಿ

ಆತನ ಮನಸ್ಸು ಮಾತ್ರ ಇನ್ನೂ ಮೋಟಾರಿನಲ್ಲೇ ಇತ್ತು. 1837ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಕರೆ ಬಂತು. ವಿದ್ಯುತ್ತಿನಿಂದ ಹಡಗು ಓಡಿಸಬಹುದೇ ಎಂದು ನೋಡಲು ಸರ್ಕಾರ ಸಮಿತಿ ಮಾಡಿತು, ಅದರ ಮುಖ್ಯಸ್ಥ ಭೂಪ್ರದಕ್ಷಿಣೆ ಮಾಡಿ ಬಂದಿದ್ದ ನಾವಿಕ ಕ್ರೂಜೆನ್‌ಸ್ಟರ್ನ್. 1838ರ ಸೆಪ್ಟೆಂಬರ್‌ನಲ್ಲಿ ಸುಮಾರು 28 ಅಡಿ ಉದ್ದದ ದೋಣಿಯೊಂದು ಹತ್ತು ಹನ್ನೆರಡು ಜನರನ್ನು ಹೊತ್ತು, ಹುಟ್ಟೂ ಇಲ್ಲದೆ, ಹಾಯಿಯೂ ಇಲ್ಲದೆ ನೆವಾ ನದಿಯಲ್ಲಿ ಸಾಗಿತು. ಚಕ್ರ ತಿರುಗಿಸಿದ್ದು ಯಾಕೋಬಿಯ ಮೋಟಾರ್, ಅದನ್ನು ತಿರುಗಿಸಿದ್ದು 320 ಜೋಡಿ ಸತು-ತಾಮ್ರದ ಫಲಕಗಳು. ವೇಗ ನಡೆದು ಹೋಗುವವನಿಗಿಂತ ಕಡಿಮೆ. ಮರುವರ್ಷ ಗ್ರೋವ್‌ನ ಸತು-ಪ್ಲಾಟಿನಂ ಕೋಶ ಹಾಕಿದ ಮೇಲೆ ವೇಗ ಗಂಟೆಗೆ ಸುಮಾರು 4 ಕಿಲೋಮೀಟರ್ ಮುಟ್ಟಿತು. ಆದರೆ ಅವು ನೈಟ್ರಿಕ್ ಆಮ್ಲದ ಕೋಶಗಳು, ಕೆಲಸ ಮಾಡುತ್ತಾ ಕಂದು ಬಣ್ಣದ ವಿಷಗಾಳಿ ಬಿಡುತ್ತವೆ.

ಸೋಲಿನ ಕಾರಣ ಸರಳ. ಬ್ಯಾಟರಿಯಲ್ಲಿ ಉರಿಯುವ ಇಂಧನ ಸತು, ಉಗಿಯಂತ್ರದಲ್ಲಿ ಉರಿಯುವುದು ಕಲ್ಲಿದ್ದಲು. ಅದೇ ಕೆಲಸಕ್ಕೆ ಸತುವಿನ ಖರ್ಚು ಕಲ್ಲಿದ್ದಲಿಗಿಂತ ಎಷ್ಟೋ ಪಟ್ಟು. ಅಗ್ಗದ ವಿದ್ಯುತ್ ಕೊಡುವ ಡೈನಮೋ ಬರಲು ಇನ್ನೂ ಮೂರು ದಶಕ ಬಾಕಿ ಇತ್ತು. ಯಂತ್ರ ಸರಿಯಿತ್ತು, ಕಾಲ ಸರಿಯಿರಲಿಲ್ಲ. 1840ರ ದಶಕ ಮುಗಿಯುವುದರೊಳಗೆ ದೋಣಿಯ ಕನಸು ಮುಗಿಯಿತು. ಈ ಲೆಕ್ಕಾಚಾರಗಳ ನಡುವೆಯೇ ಆತ ಕಂಡುಕೊಂಡದ್ದು ನಾವು ಪರೀಕ್ಷೆಗೆ ಉರುಹೊಡೆಯುವ ನಿಯಮ: ಹೊರಗಿನ ಲೋಡಿನ ರೋಧ ಬ್ಯಾಟರಿಯ ಒಳರೋಧಕ್ಕೆ ಸಮ ಇದ್ದಾಗ ಲೋಡಿಗೆ ಗರಿಷ್ಠ ಶಕ್ತಿ ಸಿಗುತ್ತೆ. ಆಗ ದಕ್ಷತೆ ಬರೀ ಅರ್ಧ. ಗರಿಷ್ಠ ಶಕ್ತಿ ಬೇರೆ, ಗರಿಷ್ಠ ದಕ್ಷತೆ ಬೇರೆ ಅನ್ನೋದು ಎಷ್ಟೋ ಜನರಿಗೆ ಆಮೇಲೂ ಹಲವು ವರ್ಷ ಗೊಂದಲವಾಗೇ ಉಳಿಯಿತು.

ಬೀಗ ಹಾಕದ ವಿದ್ಯೆ

ದೋಣಿ ಓಡಿದ ಮುಂದಿನ ತಿಂಗಳೇ, 1838ರ ಅಕ್ಟೋಬರ್‌ನಲ್ಲಿ, ತಾಮ್ರದ ಅಚ್ಚಿನ ಸುದ್ದಿ ಪೀಟರ್ಸ್‌ಬರ್ಗ್ ಅಕಾಡೆಮಿಯ ಮುಂದೆ ಬಂತು. 1839ರಲ್ಲಿ ಲಂಡನ್ನಿನ ಜೋರ್ಡನ್, ಲಿವರ್‌ಪೂಲ್‌ನ ಸ್ಪೆನ್ಸರ್ ಕೂಡ ತಮ್ಮದೇ ಪ್ರಯೋಗಗಳನ್ನು ಪ್ರಕಟಿಸಿದರು. ಯಾರು ಮೊದಲು ಅಂತ ಜಗಳ ಎದ್ದಿತು. ಇಂಗ್ಲೆಂಡಿನಲ್ಲಿ 1840ರಲ್ಲಿ ಎಲ್ಕಿಂಗ್ಟನ್ ಮನೆತನ ಚಿನ್ನ-ಬೆಳ್ಳಿ ಲೇಪನದ ಪೇಟೆಂಟ್ ಪಡೆದು ದೊಡ್ಡ ಕಾರ್ಖಾನೆಯನ್ನೇ ನಡೆಸಿತು. ಯಾಕೋಬಿ ಹಿಡಿದದ್ದು ಬೇರೆ ದಾರಿ. ಅದೇ 1840ರಲ್ಲಿ ಗ್ಯಾಲ್ವನೋಪ್ಲಾಸ್ಟಿಯ ಪೂರ್ತಿ ವಿಧಾನವನ್ನು ಪುಸ್ತಕವಾಗಿ ಅಚ್ಚು ಹಾಕಿಸಿ ಯಾರು ಬೇಕಾದರೂ ಮಾಡಿ ಅಂತ ಬಿಟ್ಟ. ರಷ್ಯದ ಸರ್ಕಾರ ಅದಕ್ಕೆ ಪ್ರತಿಫಲ ಕೊಟ್ಟಿತು, ದೆಮಿದೋವ್ ಬಹುಮಾನವೂ ಬಂತು. ಬಹುಮಾನದ ಹಣವನ್ನು ಆತ ವಿದ್ಯುತ್ತಿನ ಮುಂದಿನ ಸಂಶೋಧನೆಗೇ ಬಿಟ್ಟುಕೊಟ್ಟ. ದುಡ್ಡಿನ ಲೆಕ್ಕದಲ್ಲಿ ಎಲ್ಕಿಂಗ್ಟನ್ ಗೆದ್ದರು ಅನ್ನೋದು ನಿಜ. ಆದರೆ ವಿದ್ಯೆ ಬೇಗ ಹರಡಿದ್ದು ಪುಸ್ತಕ ತೆರೆದಿದ್ದರಿಂದ.

ರಷ್ಯದ ನೋಟು ಅಚ್ಚು ಹಾಕುವ ಫಲಕಗಳಿಗೆ ಈ ವಿಧಾನ ಬಂತು, ಏಕೆಂದರೆ ಒಂದೇ ಕೆತ್ತನೆಯಿಂದ ಎಷ್ಟು ಬೇಕಾದರೂ ಒಂದೇ ಥರದ ಫಲಕ ತೆಗೆಯಬಹುದು. 1844ರಲ್ಲಿ ಚಕ್ರವರ್ತಿಯ ಅಳಿಯ ಲ್ಯೂಖ್ಟೆನ್‌ಬರ್ಗ್‌ನ ಡ್ಯೂಕ್ ಪೀಟರ್ಸ್‌ಬರ್ಗ್‌ನಲ್ಲಿ ಇದಕ್ಕೆಂದೇ ಕಾರ್ಖಾನೆ ತೆರೆದ. ಅಲ್ಲಿನ ಸೇಂಟ್ ಐಸಾಕ್ ಚರ್ಚಿನ ಗುಮ್ಮಟದ ಸುತ್ತ ನಿಂತ ದೇವದೂತರ ಪ್ರತಿಮೆಗಳು ಎರಕದವಲ್ಲ, ತೊಟ್ಟಿಯಲ್ಲಿ ಬೆಳೆದವು. ಒಳಗೆ ಟೊಳ್ಳು, ಆದ್ದರಿಂದ ಹಗುರ.

ಎಲೆಗೆ ತಾಮ್ರ ಕಟ್ಟುವುದು

ಯಾಕೋಬಿಯ ತೊಟ್ಟಿ ಈಗ ಗಾಜಿನ ಬೀಕರ್‌ಗೆ ಇಳಿದಿದೆ, ತತ್ತ್ವ ಬದಲಾಗಿಲ್ಲ. ಎಲೆ ವಿದ್ಯುತ್ ವಾಹಕ ಅಲ್ಲ. ಅದಕ್ಕೆ 1840ರ ಹೊತ್ತಿಗೇ ಸಿಕ್ಕ ಉಪಾಯ ಗ್ರಾಫೈಟ್ ಪುಡಿ. ಚೆನ್ನಾಗಿ ಒಣಗಿದ ಎಲೆಗೆ ಎರಡು ಕೈ ವಾರ್ನಿಷ್ ಹೊಡೆದು, ಆರಿದ ಮೇಲೆ ಗ್ರಾಫೈಟ್ ಬಣ್ಣ ಬಳಿದು, ತೊಟ್ಟಿನ ಹತ್ತಿರ ತಂತಿ ತಾಗಿಸುತ್ತಾರೆ. ಲೀಟರಿಗೆ ಸುಮಾರು 200 ಗ್ರಾಂ ಮೈಲುತುತ್ತ, 50 ಗ್ರಾಂನಷ್ಟು ಗಂಧಕಾಮ್ಲ ಇರುವ ದ್ರಾವಣ. ಎಲೆ ಮೈನಸ್‌ಗೆ, ಶುದ್ಧ ತಾಮ್ರದ ತಗಡು ಪ್ಲಸ್‌ಗೆ.

ಇನ್ನು ಲೆಕ್ಕ ನಮ್ಮದೇ, ಫ್ಯಾರಡೆ ನಿಯಮ. 1 ಆಂಪಿಯರ್ ಒಂದು ಗಂಟೆ ಹರಿದರೆ 1.19 ಗ್ರಾಂ ತಾಮ್ರ ಕೂರುತ್ತೆ. 100 ಚದರ ಸೆಂಟಿಮೀಟರಿಗೆ 1 ಆಂಪಿಯರ್ ಕೊಟ್ಟರೆ ಪದರ ಗಂಟೆಗೆ 13 ಮೈಕ್ರಾನ್ ಬೆಳೆಯುತ್ತೆ. ಕೈಯಲ್ಲಿ ಹಿಡಿದರೆ ಬಾಗದ 0.2 ಮಿಲಿಮೀಟರ್ ದಪ್ಪಕ್ಕೆ ಹದಿನೈದು ಗಂಟೆ. ಎರಡೂ ಬದಿ ಸೇರಿ 40 ಚದರ ಸೆಂಟಿಮೀಟರ್ ಇರುವ ಎಲೆಗೆ 0.4 ಆಂಪಿಯರ್ ಸಾಕು. ಬೇಗ ಆಗಲಿ ಅಂತ ಪ್ರವಾಹ ಏರಿಸಿದರೆ ಅಂಚಿನಲ್ಲಿ, ತುದಿಯಲ್ಲಿ ತಾಮ್ರ ಕಪ್ಪಾಗಿ ಪುಡಿಪುಡಿಯಾಗುತ್ತೆ, ಗುಳ್ಳೆಗಟ್ಟುತ್ತೆ, ಏಕೆಂದರೆ ಚೂಪಾದ ಕಡೆ ಪ್ರವಾಹ ಮುತ್ತುತ್ತೆ. ಹಾಗಾಗಿ ಪ್ರವಾಹವನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಲ್ಯಾಬ್ ಪವರ್ ಸಪ್ಲೈ ಬೇಕು. ಮೊಬೈಲ್ ಚಾರ್ಜರ್ ಕತ್ತರಿಸಿ ಜೋಡಿಸೋದು ಬೇಡ.

ಹುಷಾರು ಹೇಳಲೇಬೇಕಾದ ಜಾಗ ಇದು. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಎಂದೂ ಹಾಕಬಾರದು. ಕನ್ನಡಕ, ಕೈಗವಸು ಬಿಡಬಾರದು. ಅಡುಗೆಯ ಪಾತ್ರೆ ಇದಕ್ಕೆ ಮುಟ್ಟಬಾರದು. ಹಳೆ ದ್ರಾವಣವನ್ನು ಚರಂಡಿಗೆ ಚೆಲ್ಲಿದರೆ ಅದು ಕೆರೆ ಸೇರಿ ಮೀನು ಸಾಯುತ್ತೆ, ಅದನ್ನು ಕೆಮಿಸ್ಟ್ರಿ ಲ್ಯಾಬಿನ ತ್ಯಾಜ್ಯಕ್ಕೇ ಕೊಡಬೇಕು. ಮೊದಲ ಎಲೆಯನ್ನು ಲ್ಯಾಬಿನಲ್ಲಿ, ಗೊತ್ತಿರುವವರ ಎದುರೇ ಮಾಡೋದು ಒಳ್ಳೇದು.

ಕೊನೆಯ ವರ್ಷಗಳು

ಯಾಕೋಬಿ ಮತ್ತೆ ಪ್ರಷ್ಯಕ್ಕೆ ವಾಪಸಾಗಲಿಲ್ಲ. 1843ರಲ್ಲಿ ರಾಜಧಾನಿಯಿಂದ ತ್ಸಾರ್ಸ್ಕೊಯೆ ಸೆಲೊ ಅರಮನೆಗೆ ಸುಮಾರು 25 ಕಿಲೋಮೀಟರ್ ಟೆಲಿಗ್ರಾಫ್ ತಂತಿ ಎಳೆಸಿದ, 1850ರಲ್ಲಿ ಅಕ್ಷರಗಳನ್ನೇ ಮುದ್ರಿಸುವ ಟೆಲಿಗ್ರಾಫ್ ಮಾಡಿದ. ಕ್ರಿಮಿಯಾ ಯುದ್ಧದಲ್ಲಿ ಕ್ರೋನ್‌ಷ್ಟಾಟ್ ಬಂದರಿನ ಕಾವಲಿಗೆ ಆತನ ವಿದ್ಯುತ್ ಸಿಡಿಗುಂಡುಗಳು ನೀರಿನಡಿ ಕಾದು ಕೂತವು. ಒಬ್ಬೊಬ್ಬ ಸಂಶೋಧಕನೂ ಒಂದೊಂದು ಅಳತೆಯಲ್ಲಿ ರೋಧ ಬರೆಯುತ್ತಿದ್ದ ಕಾಲದಲ್ಲಿ, ಒಂದೇ ತಾಮ್ರದ ತಂತಿಯ ಪ್ರತಿಗಳನ್ನು ಯುರೋಪಿನ ವಿಜ್ಞಾನಿಗಳಿಗೆ ಅಳತೆಗೋಲಾಗಿ ಕಳಿಸಿಕೊಟ್ಟ. ಮೀಟರ್ ಪದ್ಧತಿ ಎಲ್ಲ ದೇಶಕ್ಕೂ ಒಂದಾಗಲಿ ಅಂತ ಕೊನೆಯವರೆಗೂ ದುಡಿದ. ತಮ್ಮ ಕಾರ್ಲ್ 1851ರಲ್ಲೇ, ನಲವತ್ತಾರನೇ ವಯಸ್ಸಿಗೆ ಸಿಡುಬಿನಿಂದ ತೀರಿಕೊಂಡಿದ್ದ. ಅಣ್ಣ 1874ರ ಮಾರ್ಚ್ 10ರಂದು ಪೀಟರ್ಸ್‌ಬರ್ಗ್‌ನಲ್ಲಿ ಕಣ್ಣು ಮುಚ್ಚಿದ.

ಆತ ಜೀವ ತೇಯ್ದದ್ದು ಮೋಟಾರಿಗೆ, ಬದುಕಿದ್ದಾಗ ಕೈಹಿಡಿದದ್ದು ಬ್ಯಾಟರಿಯ ಒಂದು ತೊಂದರೆ. ವಿದ್ಯುತ್ ದೋಣಿ, ವಿದ್ಯುತ್ ಬಸ್ಸು ಈಗ ಬಂದಿವೆ, ಸತು-ಕಲ್ಲಿದ್ದಲಿನ ಆ ಹಳೇ ಲೆಕ್ಕ ತಿರುಗಿದ ಮೇಲೆ. ತಾಮ್ರದ ಅಚ್ಚು ಮಾತ್ರ ಅಂದಿನಿಂದ ಒಂದು ದಿನವೂ ನಿಂತಿಲ್ಲ. ಗ್ರಾಮಫೋನ್ ತಟ್ಟೆಯ ಅಚ್ಚಿನಿಂದ ಹಿಡಿದು ಚಿಪ್ಪಿನೊಳಗಿನ ತಾಮ್ರದ ಗೆರೆಗಳವರೆಗೆ ಅದೇ ರಸಾಯನ. ಮುಂದಿನ ಸಲ ಲ್ಯಾಬಿನಲ್ಲಿ ಯಾವುದೋ ರೀಡಿಂಗ್ ಹೊಂದದೆ, ಯಾವುದೋ ಪದರ ಕಿತ್ತು ಬಂದರೆ, ಎಸೆಯುವ ಮುಂಚೆ ಒಮ್ಮೆ ತಿರುಗಿಸಿ ನೋಡೋಣ.